ಮೂರು ನವರಾತ್ರಿ, ಒಂದೇ ಬೊಟ್ಟು

ಇದು ಶುರುವಾದದ್ದು ಮಳೆ ಹೋದಂತೆ ಮಾಡಿ ಹೋಗದೆ ನಿಂತಿದ್ದ ನವರಾತ್ರಿಯ ಕೊನೆಗೆ, ವಿಜಯದಶಮಿಯ ಬೆಳಗ್ಗೆ ಎಂಟು ಗಂಟೆಗೆ. ಉಪ್ಪಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ದೀಪ ಹಚ್ಚಿ, ಕೈಮುಗಿದು, ಪೂಜೆಗೆ ಇಟ್ಟಿದ್ದ ಯಂತ್ರಗಳ ಸ್ವಿಚ್ ಹಾಕಿದರು. ಎಲ್ಲವೂ ಎದ್ದವು. ಒಂದು ಮಾತ್ರ ಏಳಲಿಲ್ಲ. ಎಷ್ಟೋ ಸಾವಿರ ರೋಗಿಗಳ ಹೊಟ್ಟೆ, ತಲೆ, ಎದೆಯ ಚಿತ್ರಗಳನ್ನು ಒಡಲಲ್ಲಿಟ್ಟುಕೊಂಡಿದ್ದ ಸರ್ವರ್ ಅದು.

ಈಗ ಶನಿವಾರ ಮಧ್ಯಾಹ್ನ. ಸರ್ವರಿನ ಒಡಲಿನಿಂದ ತೆಗೆದ ಎರಡು ಡ್ರೈವುಗಳು ಅಂಗೈ ಅಗಲದ ತಮ್ಮ ತಗಡಿನ ಟ್ರೇಗಳ ಸಮೇತ ಮೇಜಿನ ಮೇಲೆ ಮಲಗಿದ್ದವು. ಅವುಗಳ ಎದುರು ಶಂಕರಿ ಕೂತಿದ್ದರು, ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟುಕೊಂಡು.

“ಐದು ಗಂಟೆಗೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗುವವನೇ,” ಎಂದರು ವಲೇರಿಯನ್. “ನೀವು ಹೇಳಿದಿರಿ ಅಂತ ಇಷ್ಟು ಹೊತ್ತು ನಿಂತದ್ದು.”

ವಲೇರಿಯನ್ ಸೆಂಟರಿನ ಯಜಮಾನರು. ಕೆಟ್ಟವರಲ್ಲ, ಆದರೆ ತಲೆಗೆ ಹೊಕ್ಕದ್ದನ್ನು ಹೊರಗೆ ಬಿಡುವವರಲ್ಲ. ಚಿತ್ರಗಳನ್ನು ಅಳಿಸಿದ್ದು ಅಶ್ಮಿತಾ ಎಂಬುದು ಗುರುವಾರವೇ ಅವರ ತಲೆಗೆ ಹೊಕ್ಕಿತ್ತು. ಸರ್ವರ್ ನೋಡಿಕೊಳ್ಳುವವಳು ಅವಳು, ಪಾಸ್‌ವರ್ಡ್ ಇದ್ದದ್ದು ಅವಳ ಬಳಿ. ಅದೂ ಅಲ್ಲದೆ ಶಿರಿಯದ ಚಿತ್ರಾ ಎಂಬ ಹೆಂಗಸು ಸೋಮವಾರ ಬಂದು, ಹೋದ ವರ್ಷ ನವೆಂಬರಿನಲ್ಲಿ ತನಗೆ ಇಲ್ಲಿ ಮಾಡಿದ ಸ್ಕ್ಯಾನಿನ ಚಿತ್ರ ಬೇಕು, ಮಂಗಳೂರಿನ ಡಾಕ್ಟರು ಕೇಳಿದ್ದಾರೆ ಎಂದಿದ್ದಳು. ನಾಳೆ ಕೊಡುತ್ತೇನೆ ಎಂದ ಅಶ್ಮಿತಾ ಕೊಟ್ಟಿರಲಿಲ್ಲ. ಗುರುವಾರಕ್ಕೆ ಚಿತ್ರವೇ ಇಲ್ಲ. ಯಾರೋ ಹೇಳಿ ಮಾಡಿಸಿದ್ದಾರೆ, ಅವಳು ಮಾಡಿದ್ದಾಳೆ ಎಂದು ವಲೇರಿಯನ್ ಗಂಟು ಹಾಕಿಬಿಟ್ಟಿದ್ದರು.

ಅಶ್ಮಿತಾ ಗೋಡೆಗೆ ಒರಗಿ ನಿಂತಿದ್ದಳು. ಮೂರು ದಿನದಿಂದ ಅವಳು ಹೇಳಿದ್ದು ಒಂದೇ ಮಾತು: ನಾನು ಅಳಿಸಲಿಲ್ಲ. ಅದಕ್ಕಿಂತ ಮುಂದೆ ಒಂದಕ್ಷರ ಇಲ್ಲ. ಮನೆಯಲ್ಲಿ ಹತ್ತು ತಿಂಗಳ ಮಗು. ಪೊಲೀಸ್ ಕೇಸಾದರೆ ಈ ಊರಿನಲ್ಲಿ ಮಾತ್ರವಲ್ಲ, ಹೊಸಂಗಡಿಯಿಂದ ಕಾಸರಗೋಡಿನವರೆಗೆ ಯಾವ ಆಸ್ಪತ್ರೆಯೂ ಅವಳನ್ನು ಒಳಗೆ ಸೇರಿಸುವುದಿಲ್ಲ.

ಶಂಕರಿಯೂ ಅಶ್ಮಿತಾಳೂ ಬಾಯಾರು ಎಂಬ ಒಂದೇ ಊರಿನವರು. ಕೇರಳ ಪೊಲೀಸಿನಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತಿಯಾದ ಮೇಲೆ ಶಂಕರಿ ಇಂಥ ಗೋಜಲು ಬಿಡಿಸಲು ಯಾರಾದರೂ ಕರೆದರೆ ಮಾತ್ರ ಹೋಗುತ್ತಿದ್ದರು. ಅವರದ್ದು ಒಂದೇ ಅಭ್ಯಾಸ. ಬಿಸಿನೀರು ತರಿಸಿಕೊಳ್ಳುವುದು, ಅದು ಆರುವವರೆಗೆ ಸುಮ್ಮನಿರುವುದು. ಅಷ್ಟು ಹೊತ್ತು ಸುಮ್ಮನಿರಲು ಸುಳ್ಳು ಹೇಳುವವರಿಗೆ ಕಷ್ಟ ಎಂದು ಸರ್ವೀಸಿನಲ್ಲಿ ಕಲಿತದ್ದು. ಅಶ್ಮಿತಾಳ ಎದುರು ಮಾತ್ರ ಮೂರು ಲೋಟ ಆರಿ ಹೋಗಿತ್ತು.

“ಸುಧೀರ್, ಈ ಎರಡರ ಜಾತಕ ಹೇಳು ನೋಡುವ,” ಎಂದರು ಶಂಕರಿ.

ಸುಧೀರ್ ಈ ಸರ್ವರನ್ನು ತಂದು ಕೂರಿಸಿದವನು. ಕುಂಬಳೆಯಲ್ಲಿ ಕಂಪ್ಯೂಟರ್ ಅಂಗಡಿ. ಅವನು ಹೇಳಿದ್ದರ ಸಾರ ಇಷ್ಟು. ಡ್ರೈವುಗಳಲ್ಲಿ ಎರಡು ಜಾತಿ. ಮನೆಯ ಕಂಪ್ಯೂಟರಿಗೆ ಹಾಕುವ ಕನ್ಸ್ಯೂಮರ್ ಜಾತಿ ಒಂದು, ಸರ್ವರಿಗೆ ಹಾಕುವ ಎಂಟರ್‌ಪ್ರೈಸ್ ಜಾತಿ ಇನ್ನೊಂದು. ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ. ವೇಗದಲ್ಲೂ ಮೇಲ್ನೋಟಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಮೊದಲನೆಯದರ ನಾಲ್ಕು ಪಾಲು ಬೆಲೆ ಎರಡನೆಯದಕ್ಕೆ.

“ಹಾಗಾದರೆ ನಾಲ್ಕು ಪಾಲು ಕೊಡುವುದು ಎಂತಕ್ಕೆ?”

“ಮನೆಯ ಮಿಕ್ಸಿಯಲ್ಲಿ ಹೊಟೇಲಿನ ಇಡ್ಲಿ ಹಿಟ್ಟು ರುಬ್ಬಿದರೆ ಎಷ್ಟು ದಿನ ಬರ್ತದೆ ಮೇಡಂ? ಇಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ಚಿತ್ರ ಬಂದು ಬೀಳ್ತಾ ಇರ್ತದೆ. ಬರೆದು ಬರೆದು ಮನೆಯ ಡ್ರೈವ್ ಬೇಗ ಸವೆದು ಹೋಗ್ತದೆ. ಅದು ಒಂದು. ಮತ್ತೊಂದು ಕರೆಂಟಿನ ವಿಷಯ.”

ಕರೆಂಟಿನ ವಿಷಯ ಹೇಳುವಾಗ ಸುಧೀರನ ಕೈಗಳೂ ಮಾತಾಡಿದವು. ಡ್ರೈವ್ ತನಗೆ ಬಂದದ್ದನ್ನು ಆಗಲೇ ಗಟ್ಟಿ ಜಾಗದಲ್ಲಿ ಬರೆಯುವುದಿಲ್ಲ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿರುತ್ತದೆ. ಯಾವುದು ಎಲ್ಲಿದೆ ಎಂಬ ನೆನಪು ಕೂಡ ಆ ಕೈಯಲ್ಲೇ. ಆಗ ಕರೆಂಟು ಫಕ್ಕನೆ ಹೋದರೆ?

“ಎಂಟರ್‌ಪ್ರೈಸಿನೊಳಗೆ ಸಾಲಾಗಿ ಚಿಕ್ಕ ಚಿಕ್ಕ ಕೆಪಾಸಿಟರ್ ಉಂಟು. ಕರೆಂಟು ಹೋದರೂ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಅದರಲ್ಲಿ ಇರ್ತದೆ. ಕೆಲವು ಕಂಡಕ್ಟರ್ ಇರ್ತಾರೆ ನೋಡಿ, ಅಜ್ಜಿ ಇಳಿದು ಕಾಲು ನೆಲಕ್ಕೆ ಊರಿದ ಮೇಲೆಯೇ ಬೆಲ್ಲು ಹೊಡೆಯುವುದು. ಅದು ಎಂಟರ್‌ಪ್ರೈಸ್. ಒಂದು ಕಾಲು ಮೆಟ್ಟಿಲಲ್ಲಿ ಇರುವಾಗಲೇ ಡಬಲ್ ಬೆಲ್ಲು ಹೊಡೆಯುವವ ಕನ್ಸ್ಯೂಮರ್.”

“ಇಲ್ಲಿ ಅಜ್ಜಿ ಬಿದ್ದಿದ್ದಾಳೆ,” ಎಂದರು ಶಂಕರಿ.

ಅಳಿಸಿದ್ದಲ್ಲ ಎಂಬುದನ್ನು ಸುಧೀರ್ ಶುಕ್ರವಾರವೇ ಕಂಡುಕೊಂಡಿದ್ದ. ಅಳಿಸಿದ್ದಾದರೆ ಡ್ರೈವ್ ಬದುಕಿದ್ದು ಒಳಗೆ ಖಾಲಿ ಇರುತ್ತಿತ್ತು. ಇವು ಎರಡೂ ತಮ್ಮ ಹೆಸರನ್ನೇ ಮರೆತು ಕೂತಿದ್ದವು. ಒಂದು ಹೋದರೆ ಇನ್ನೊಂದು ಇರಲಿ ಎಂದು ಎರಡರಲ್ಲೂ ಒಂದೇ ಬರೆಯುವ ಏರ್ಪಾಡು ಇತ್ತು. ಒಂದೇ ಹೊತ್ತಿಗೆ ಎರಡಕ್ಕೂ ಪೆಟ್ಟು ಬಿದ್ದರೆ ಜೋಡಿ ಇದ್ದೂ ಉಪಯೋಗವಿಲ್ಲ. ಹೊರಗೆ ಬೇರೆ ಪ್ರತಿ ಇಡುತ್ತಿದ್ದ ಪೆಟ್ಟಿಗೆ ಮಳೆಗಾಲದ ಸಿಡಿಲಿಗೆ ಸುಟ್ಟಿತ್ತು. ಹೊಸದನ್ನು ದೀಪಾವಳಿ ಕಳೆದು ತರುವ ಎಂದವರು ವಲೇರಿಯನ್ನರೇ. ಆ ಮಾತು ಬಂದಾಗ ಅವರು ಕಿಟಕಿಯ ಕಡೆ ನೋಡಿದರು.

“ಕರೆಂಟು ಹೋದರೆ ಯುಪಿಎಸ್ ಉಂಟಲ್ಲ,” ಎಂದರು ಅವರು. “ಹೊರಗೆ ಗಂಟೆಗಟ್ಟಲೆ ಕರೆಂಟು ಇಲ್ಲದಿದ್ದರೂ ಇದಕ್ಕೆ ಹೋಗುದಿಲ್ಲ.”

ಶಂಕರಿ ಬಾಗಿಲ ಬಳಿ ನಿಂತಿದ್ದ ಪುಷ್ಪಾವತಿಯನ್ನು ಕರೆದರು. ಸೆಂಟರ್ ತೆರೆದಂದಿನಿಂದ ಗುಡಿಸಿ ಒರೆಸುವವಳು ಪುಷ್ಪಾವತಿ. ಆಯುಧಪೂಜೆಯ ಯಜಮಾನಿಕೆಯೂ ಅವಳದ್ದೇ. ವಲೇರಿಯನ್ ಇಗರ್ಜಿಗೆ ಹೋಗುವ ಕ್ರೈಸ್ತರಾದರೂ ಆ ದಿನ ಅವಲಕ್ಕಿ, ಬೆಲ್ಲ, ಕಬ್ಬು ತಂದುಕೊಡುವುದು ಅವರೇ. ಈ ಸಲ ಅವರು ತಂದುಕೊಟ್ಟು ಬೇಗ ಹೋಗಿದ್ದರು. ಅಶ್ಮಿತಾಳೂ ಮಗುವಿಗೆ ಜ್ವರವೆಂದು ಮಧ್ಯಾಹ್ನವೇ ಮನೆಗೆ ಹೊರಟಿದ್ದಳು.

“ಪುಷ್ಪಾ, ಬುಧವಾರ ಸಂಜೆ ಇಲ್ಲಿ ಪೂಜೆ ಹೇಗೆ ಮಾಡಿದೆ? ಹೇಳುವುದು ಬೇಡ. ಮಾಡಿ ತೋರಿಸು.”

ಪುಷ್ಪಾವತಿ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಗೋಡೆಯ ಮೇನ್ ಸ್ವಿಚ್ ಕೆಳಗೆ ಮಾಡಿದಂತೆ ಮಾಡಿದಳು. ಆಮೇಲೆ ಬಗ್ಗಿ, ಮೂಲೆಯಲ್ಲಿದ್ದ ಯುಪಿಎಸ್ಸಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ತುಸು ಹೊತ್ತು ಒತ್ತಿಹಿಡಿದಂತೆ ನಿಂತಳು.

ಸುಧೀರ್ ಕುರ್ಚಿಯಿಂದ ಎದ್ದೇಬಿಟ್ಟ.

“ಅದನ್ನು ಎಂತಕ್ಕೆ ಒತ್ತಿದ್ದು?”

“ಮೇನ್ ತೆಗೆದರೆ ಅದು ಕೂಗ್ತದೆ,” ಎಂದಳು ಪುಷ್ಪಾವತಿ. “ಪೂಜೆಗೆ ಇಟ್ಟ ಮೇಲೆ ಯಂತ್ರ ಉಸಿರೆತ್ತಬಾರದು. ಮರುದಿನ ದೀಪ ಹಚ್ಚುವವರೆಗೆ ಮುಟ್ಟಬಾರದು. ನಮ್ಮಲ್ಲಿ ಮಕ್ಕಳ ಪುಸ್ತಕವನ್ನೂ ತೆರೆಯುದಿಲ್ಲ.”

ಅವಳು ತನ್ನ ಪಾಡಿಗೆ ಮುಂದುವರಿದಳು. ಸರ್ವರಿನ ಮುಂದೆ ಕೂತು, ಡ್ರೈವಿನ ಟ್ರೇಯನ್ನು ಕಪಾಟಿನ ಡ್ರಾಯರಿನ ಹಾಗೆ ಎಳೆದಂತೆ ಮಾಡಿ, ಒಣಬಟ್ಟೆಯಿಂದ ಒರೆಸಿ, ಟ್ರೇಯ ಅಂಚಿಗೊಂದು, ಒಳಗಿನ ಡ್ರೈವಿಗೊಂದು ಗಂಧ ಕುಂಕುಮದ ಬೊಟ್ಟು ಇಟ್ಟಂತೆ ಮಾಡಿದಳು. ಹೊರಗಿನದ್ದಕ್ಕೆ ಮಾತ್ರ ಇಟ್ಟರೆ ಒಳಗಿನದ್ದಕ್ಕೆ ಬೇಸರವಾಗಬಾರದಲ್ಲ, ಎಂದಳು.

ವಲೇರಿಯನ್ನರ ಮುಖ ಕೆಂಪಾಯಿತು. ಇಷ್ಟು ವರ್ಷ ಉಪ್ಪು ತಿಂದವಳು ಸರ್ವರಿನ ಕತ್ತು ಹಿಸುಕಿದ್ದಾಳೆ, ಅದನ್ನು ಮೂರು ದಿನ ಬಾಯಿಬಿಟ್ಟು ಹೇಳಲೂ ಇಲ್ಲ, ಎಂದು ಅವರು ಹೇಳತೊಡಗಿದರು. ಪುಷ್ಪಾವತಿಯ ಕಣ್ಣಲ್ಲಿ ನೀರು ಬಂತು. ಕೇಳಿದವರು ಯಾರು, ಎಂದಳು ಅವಳು. ಮೂರು ದಿನದಿಂದ ಎಲ್ಲರೂ ಅಶ್ಮಿತಾಳನ್ನೇ ಕೇಳುತ್ತಿದ್ದರು.

ಶಂಕರಿ ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದರು.

“ಈ ವರ್ಷ ಮಾತ್ರವಾ, ಪ್ರತಿ ವರ್ಷ ಹೀಗೆಯಾ?”

“ಪ್ರತಿ ವರ್ಷ. ಈ ಸರ್ವರ್ ಬಂದ ಮೇಲೆ ಇದು ಮೂರನೇದ್ದು. ಒಂದು ಸಲವೂ ಎಂತ ಆಗ್ಲಿಲ್ಲ ಮೇಡಂ. ದೇವರಾಣೆ.”

ಅಶ್ಮಿತಾ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಪ್ರತಿ ನವರಾತ್ರಿಗೆ ಸರ್ವರ್ ಒಂದು ರಾತ್ರಿ ನಿಂತದ್ದನ್ನು ಅವಳು ಕಂಡಿದ್ದಳು. ಬ್ಯಾಟರಿ ಮುಗಿದಿರಬೇಕು, ಮಳೆಗಾಲದ ಕರೆಂಟಲ್ಲವೇ ಎಂದುಕೊಂಡು ಬಿಟ್ಟಿದ್ದಳು. ಬೆಳಗ್ಗೆ ಬರುವಾಗ ಎಲ್ಲ ಸರಿ ಇರುತ್ತಿತ್ತು.

“ಅಲ್ಲಿಗೆ ಒಂದು ವಿಷಯ ಆಯಿತು,” ಎಂದರು ಶಂಕರಿ. “ಪುಷ್ಪಾ ಮಾಡಿದ್ದು ತಪ್ಪೇ. ಆದರೆ ಎರಡು ನವರಾತ್ರಿ ಇದೇ ಪೆಟ್ಟು ತಡೆದುಕೊಂಡದ್ದು ಮೂರನೇದ್ದಕ್ಕೆ ಯಾಕೆ ಸತ್ತಿತು? ಪೂಜೆ ಅದೇ, ಕೈ ಅದೇ, ಗುಂಡಿ ಅದೇ. ಬೇರೆ ಆದದ್ದು ಎಂತ?”

ಅವರು ಕನ್ನಡಕ ಹಾಕಿಕೊಂಡು ಒಂದು ಟ್ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಟ್ರೇಯ ಅಂಚಿನಲ್ಲಿ ಬೊಟ್ಟುಗಳಿದ್ದವು. ಒಂದು ಕೆಂಪು, ಹೊಸದು. ಅದರ ಪಕ್ಕ ಕಂದು ಬಣ್ಣಕ್ಕೆ ತಿರುಗಿದ್ದು ಒಂದು. ಅದರಾಚೆ ಕಲೆಯಷ್ಟೇ ಉಳಿದದ್ದು ಮತ್ತೊಂದು. ಒಳಗೆ ಒದ್ದೆ ಬಟ್ಟೆ ತಾಗಿಸಬೇಡ ಎಂದು ಅಶ್ಮಿತಾ ಮೊದಲೇ ಹೇಳಿದ್ದರಿಂದ ಪುಷ್ಪಾವತಿ ಹಳೆಯದನ್ನು ತಿಕ್ಕಿ ತೆಗೆದಿರಲಿಲ್ಲ.

“ಟ್ರೇಯಲ್ಲಿ ಮೂರು. ಇನ್ನು ಡ್ರೈವ್ ನೋಡಿ.”

ಎಲ್ಲರೂ ಬಗ್ಗಿದರು. ಡ್ರೈವಿನ ಬೆನ್ನಿನ ಮೇಲೆ ಇದ್ದದ್ದು ಒಂದೇ ಬೊಟ್ಟು. ಕೆಂಪು, ಈ ವರ್ಷದ್ದು. ಎರಡನೇ ಡ್ರೈವಿನದ್ದೂ ಅದೇ ಕತೆ.

“ನೀನು ಹಿಂದೆ ಡ್ರೈವಿಗೆ ಇಡುತ್ತಿರಲಿಲ್ಲವಾ?”

“ಇಡದೆ ಇರ್ತೇನಾ? ಮೂರು ಸಲವೂ ಇಟ್ಟಿದ್ದೇನೆ, ಎರಡಕ್ಕೂ.”

“ಕೇಳಿದಿರಲ್ಲ,” ಎಂದರು ಶಂಕರಿ. “ಟ್ರೇ ಹಳೆಯದು. ಡ್ರೈವ್ ಅಲ್ಲ. ಹೋದ ವರ್ಷದ ನವರಾತ್ರಿ ಕಳೆದ ಮೇಲೆ ಯಾರೋ ಇದನ್ನು ಬದಲಾಯಿಸಿದ್ದಾರೆ.”

ಬೊಟ್ಟಿನ ಗಂಧದ ನೀರು ಇಳಿದು ಡ್ರೈವಿನ ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಶಂಕರಿ ಅದನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ ಎಳೆದರು. ಎಂಟರ್‌ಪ್ರೈಸ್ ಎಂದು ಬರೆದಿದ್ದ ಸ್ಟಿಕ್ಕರ್ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂತು. ಅದರಡಿ ಇನ್ನೊಂದು ಸ್ಟಿಕ್ಕರ್, ಬೇರೆ ಹೆಸರು. ಕೇಳದೆಯೇ ಸುಧೀರ್ ಸ್ಕ್ರೂಡ್ರೈವರ್ ತೆಗೆದ. ನಾಲ್ಕು ತಿರುಪು ಬಿಚ್ಚಿ ಚಿಪ್ಪು ತೆರೆದರೆ, ಒಳಗೆ ಮೂರರಲ್ಲೊಂದು ಪಾಲು ಮಾತ್ರ ಸರ್ಕ್ಯೂಟಿನ ಹಲಗೆ. ಉಳಿದದ್ದು ಖಾಲಿ. ಕಾಳು ತುಂಬದ ನೆಲಗಡಲೆಯ ಹಾಗೆ.

“ಎಂಟರ್‌ಪ್ರೈಸಾದರೆ ಈ ಚಿಪ್ಪು ತುಂಬ ಇರ್ತದೆ,” ಎಂದ ಅವನು. “ಇಲ್ಲಿ ಕೆಪಾಸಿಟರಿನ ಸಾಲು ಇರ್ತದೆ. ಇದು ಮನೆಯದ್ದು ಮೇಡಂ. ಇದನ್ನು ನಾನು ಕೊಟ್ಟದ್ದಲ್ಲ.”

ವಲೇರಿಯನ್ ತಿರುಗಿ ನಿಂತರು.

“ನೀನಲ್ಲದೆ ಮತ್ತೆ ಯಾರು ಮಾರಾಯ? ಎಂಟರ್‌ಪ್ರೈಸ್ ಅಂತ ಹೇಳಿ ನನ್ನ ಕೈಯಲ್ಲಿ ನಾಲ್ಕು ಪಾಲು ತೆಗೆಸಿದವ ನೀನು. ಆಮೇಲೆ ಬಂದು ಒಳ್ಳೆಯದನ್ನು ಒಯ್ದು ಇದನ್ನು ಇಟ್ಟವನೂ ನೀನೇ.”

ಸುಧೀರ್ ಸಿಟ್ಟಾಗಲಿಲ್ಲ. ಬಿಚ್ಚಿದ ತಿರುಪುಗಳನ್ನು ಸಾಲಾಗಿ ಇಟ್ಟು, ಆಮೇಲೆ ಮಾತಾಡಿದ. ಓಡುತ್ತಿರುವ ಸರ್ವರಿನಲ್ಲಿ ಜೋಡಿ ಡ್ರೈವ್ ಬದಲಾಯಿಸಲು ಒಂದು ಕ್ರಮ ಇದೆ. ಮೊದಲು ಒಂದನ್ನು ಎಳೆದು ಹೊಸದನ್ನು ಹಾಕಬೇಕು. ಉಳಿದ ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ಇಳಿಯುವವರೆಗೆ ಕಾಯಬೇಕು. ಇಷ್ಟು ಚಿತ್ರ ಇಳಿಯಲು ಒಂದು ಹಗಲಾದರೂ ಬೇಕು. ಆಮೇಲೆ ಎರಡನೆಯದನ್ನು ಎಳೆದು ಮತ್ತೆ ಕಾಯಬೇಕು. ಪಾಸ್‌ವರ್ಡ್ ಇಲ್ಲದೆ ಆಗುವ ಕೆಲಸವಲ್ಲ. ತಾನು ಬಂದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಇರುವವನು, ಅದೂ ಯಾರಾದರೂ ಜೊತೆಯಲ್ಲಿ ಇರುವಾಗ.

“ಮತ್ತೊಂದು ಉಂಟು,” ಎಂದು ಅವನು ದನಿ ತಗ್ಗಿಸಿದ. “ಸ್ಟಿಕ್ಕರ್ ಕಣ್ಣಿಗೆ ಸುಳ್ಳು ಹೇಳಬಹುದು. ಸರ್ವರಿಗೆ ಹೇಳ್ಲಿಕ್ಕೆ ಆಗುದಿಲ್ಲ. ಒಳಗೆ ಯಾವ ಡ್ರೈವ್ ಉಂಟು ಅಂತ ಸ್ಕ್ರೀನಿನಲ್ಲಿ ಸರಿಯಾದ ಹೆಸರೇ ಬರ್ತದೆ. ದಿನಾ ಆ ಸ್ಕ್ರೀನ್ ನೋಡುವವರಿಗೆ ಗೊತ್ತಾಗದೆ ಇರ್ಲಿಕ್ಕೆ ಸಾಧ್ಯವೇ ಇಲ್ಲ.”

ಎಲ್ಲರ ಕಣ್ಣೂ ಅಶ್ಮಿತಾಳ ಮೇಲೆ ಹೋಯಿತು. ಬೊಟ್ಟು ಅವಳನ್ನು ಪಾರು ಮಾಡಿತು ಎನ್ನುವಷ್ಟರಲ್ಲಿ ಸ್ಕ್ರೀನ್ ಅವಳನ್ನು ಹಿಡಿದು ನಿಲ್ಲಿಸಿತ್ತು.

“ನಾನು ಹೇಳಿದ್ದು ಬೇರೆ ಎಂತ?” ವಲೇರಿಯನ್ ಕಾರಿನ ಕೀಲಿಗೆ ಕೈ ಹಾಕಿದರು.

“ಕೂತುಕೊಳ್ಳಿ,” ಎಂದರು ಶಂಕರಿ. ಜೋರಾಗಿ ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಹೇಳಿ ಪಳಗಿದ ಮಾತು, ವಲೇರಿಯನ್ ಕೂತರು.

ಶಂಕರಿ ಬಿಸಿನೀರಿನ ಲೋಟ ಮುಟ್ಟಿ ನೋಡಿದರು. ಈ ಸಲ ಆರುವವರೆಗೆ ಕಾಯಲಿಲ್ಲ. ಲೋಟವನ್ನು ಅಶ್ಮಿತಾಳ ಕೈಗೆ ಕೊಟ್ಟು, ಪಕ್ಕದ ಕುರ್ಚಿ ಎಳೆದರು. ಕಾಯುವ ಕೆಲಸ ಸುಳ್ಳು ಹೇಳುವವರ ಹತ್ತಿರ ಮಾತ್ರ ನಡೆಯುವುದು. ಇವಳು ಸುಳ್ಳು ಹೇಳುತ್ತಿರಲಿಲ್ಲ, ಯಾರನ್ನೋ ಬಚ್ಚಿಡುತ್ತಿದ್ದಳು. ಅದು ಅವರಿಗೆ ಈಗಷ್ಟೇ ಹೊಳೆದದ್ದು.

“ಮಗು ಹುಟ್ಟಿದ್ದು ಯಾವಾಗ ಅಶ್ಮಿತಾ?”

“ಡಿಸೆಂಬರಿನಲ್ಲಿ, ಶಂಕರಿಯಕ್ಕ. ಕ್ರಿಸ್‌ಮಸ್‌ಗೆ ಹತ್ತು ದಿನ ಮೊದಲು.”

“ಕ್ರಿಸ್‌ಮಸ್‌ಗೆ ಸೆಂಟರ್ ಎಷ್ಟು ದಿನ ಬಂದ್?”

ಉತ್ತರ ವಲೇರಿಯನ್ನರಿಂದ ಬಂತು. ಎರಡು ದಿನ. ವರ್ಷದಲ್ಲಿ ಬಾಗಿಲು ಪೂರ್ತಿ ಹಾಕುವುದು ಆ ಎರಡೇ ದಿನ. ಹೇಳಿ ಮುಗಿಸುವಾಗ ಅವರ ದನಿ ಸ್ವಲ್ಪ ನಿಧಾನವಾಯಿತು.

“ಬದಲಾಯಿಸ್ಲಿಕ್ಕೆ ಎರಡು ಹಗಲು ಬೇಕು ಅಂತ ಸುಧೀರ್ ಹೇಳಿದ. ಆ ಎರಡು ದಿನ ಇವಳು ಬಾಯಾರಿನಲ್ಲಿ ಹಸಿ ಬಾಣಂತಿ. ನಾನೇ ಹೋಗಿ ಮಗು ನೋಡಿ ಬಂದಿದ್ದೇನೆ, ಎಣ್ಣೆ ಸ್ನಾನ ಮಾಡಿಸಿ ಮಲಗಿಸಿದ್ದರು. ಹೊಸಿಲು ದಾಟಿಸುವವರಲ್ಲ ಇವಳ ಅಮ್ಮ.” ಶಂಕರಿ ಅಶ್ಮಿತಾಳ ಕಡೆ ತಿರುಗಿದರು. “ರಜೆಗೆ ಹೋಗುವಾಗ ಪಾಸ್‌ವರ್ಡ್ ಯಾರಿಗೆ ಕೊಟ್ಟೆ?”

ಅಶ್ಮಿತಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

“ಹೇಳು ಮಗಾ. ನೀನು ಹೇಳದಿದ್ದರೆ ಐದು ಗಂಟೆಗೆ ಅವರು ಹೋಗ್ತಾರೆ. ನಾನು ತಡೆಯುದಿಲ್ಲ.”

“ಅವರಿಲ್ಲದಿದ್ದರೆ ನನ್ನ ಮಗು ಇಲ್ಲ ಶಂಕರಿಯಕ್ಕ.”

ಅಲ್ಲಿಂದ ಮುಂದೆ ಅವಳು ಒಂದೊಂದಾಗಿ ಹೇಳಿದಳು. ಎಂಟನೇ ತಿಂಗಳಲ್ಲಿ ಇದೇ ಸೆಂಟರಿನಲ್ಲಿ ಅವಳಿಗೆ ಸ್ಕ್ಯಾನ್ ಮಾಡಿದಾಗ ಮಗುವಿನ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿ, ಬಡಿತ ತಗ್ಗುತ್ತಿರುವುದನ್ನು ಕಂಡದ್ದು ಡಾಕ್ಟರ್ ನೀತಾ. ಕಂಡದ್ದಷ್ಟೇ ಅಲ್ಲ, ಆ ಕ್ಷಣವೇ ತನ್ನ ಕಾರಿನಲ್ಲಿ ಕೂರಿಸಿ ಮಂಗಳೂರಿಗೆ ಮುಟ್ಟಿಸಿದ್ದರು. ರಜೆಯ ಹೊತ್ತಿಗೆ ಪಾಸ್‌ವರ್ಡ್ ಕೊಟ್ಟದ್ದು ಅವರಿಗೆ. ಮಾರ್ಚಿನಲ್ಲಿ ಕೆಲಸಕ್ಕೆ ಮರಳಿದ ದಿನವೇ ಸ್ಕ್ರೀನಿನಲ್ಲಿ ಬೇರೆ ಹೆಸರು ಕಂಡು ಅವಳು ಡಾಕ್ಟರರನ್ನು ಕೇಳಿದ್ದಳು.

“ಅವರು ಎಂತ ಹೇಳಿದರು?”

“ನಿಜವಾದದ್ದನ್ನು ನಾನು ಜೋಪಾನ ಮಾಡಿದ್ದೇನೆ, ಕಾರಣ ಉಂಟು, ಸಮಯ ಬಂದಾಗ ವಾಪಸು ಇಡ್ತೇನೆ, ಯಾರಿಗೂ ಹೇಳಬೇಡ ಅಂತ.” ಅವಳು ಕಣ್ಣು ಒರೆಸಿಕೊಂಡಳು. “ಸೋಮವಾರ ಚಿತ್ರಾ ಅವರು ಬಂದು ಹಳೆಯ ಚಿತ್ರ ಕೇಳಿದ್ದನ್ನು ಹೇಳಿದ್ದೂ ಅವರಿಗೇ. ನಾಳೆ ನಾನೇ ತೆಗೆದು ಕೊಡ್ತೇನೆ, ನೀನು ಮುಟ್ಟಬೇಡ ಅಂದ್ರು.”

ವಲೇರಿಯನ್ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು.

ಡಾಕ್ಟರ್ ನೀತಾ ವಲೇರಿಯನ್ನರ ತೀರಿಕೊಂಡ ತಮ್ಮನ ಮಗಳು. ಅವಳನ್ನು ಓದಿಸಿದ್ದು ವಲೇರಿಯನ್, ಅವಳಿಗಾಗಿಯೇ ಈ ಸೆಂಟರ್ ಕಟ್ಟಿಸಿದ್ದೂ ಅವರೇ. ಇಲ್ಲಿ ತೆಗೆದ ಪ್ರತಿ ಚಿತ್ರವನ್ನೂ ನೋಡಿ ರಿಪೋರ್ಟ್ ಬರೆಯುವವಳು ಅವಳು. ಚಿಕ್ಕಂದಿನಿಂದ ಈ ದೊಡ್ಡಪ್ಪನನ್ನು ಕೊಂಕಣಿಯಲ್ಲಿ ಬಾಪ್ಪು ಎಂದು ಕರೆದು ಬೆಳೆದವಳು.

“ನಮ್ಮ ನೀತಾ ಅಂಥವಳಲ್ಲ,” ಎಂದರು ವಲೇರಿಯನ್. ಸಿಟ್ಟು ಎಲ್ಲಿಗೋ ಹೋಗಿತ್ತು. “ಶಂಕರಿಯಮ್ಮ, ನಿಮಗೆ ಗೊತ್ತಿಲ್ಲ. ಡ್ರೈವ್ ತರುವಾಗ ನಾನು ಮನೆಯದ್ದೇ ಸಾಕು ಅಂದವ. ಇದೇ ಸುಧೀರ ಇದೇ ಕೋಣೆಯಲ್ಲಿ ಎರಡನ್ನೂ ತಂದು ತೋರಿಸಿದ್ದ. ನೋಡ್ಲಿಕ್ಕೆ ಒಂದೇ ರೀತಿ ಉಂಟಲ್ಲ ಮಾರಾಯ, ಕಡಿಮೆಯದ್ದನ್ನು ಹಾಕು ಅಂದೆ. ಬಿಡದೆ ಜಗಳ ಮಾಡಿ ಎಂಟರ್‌ಪ್ರೈಸೇ ಬೇಕು ಅಂದವಳು ಅವಳು. ‘ಯಂತ್ರ ಹೋದರೆ ಇನ್ನೊಂದು ತರಬಹುದು ಬಾಪ್ಪು, ರೋಗಿಯ ಅವತ್ತಿನ ಚಿತ್ರ ಅವತ್ತಿನದ್ದು ಮಾತ್ರ’ ಅಂತ ಹೇಳಿದ್ದಳು.”

ಸುಧೀರ್ ಹೌದೆಂದು ತಲೆಯಾಡಿಸಿದ. ಆ ದಿನ ಕೆಪಾಸಿಟರಿನ ವಿಷಯವನ್ನು ಕೇಳಿ ಕೇಳಿ ತಿಳಿದುಕೊಂಡವರು ಡಾಕ್ಟರೇ.

ಶಂಕರಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡರ ವ್ಯತ್ಯಾಸ ಈ ಸೆಂಟರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವಳು, ತಿಳಿದೂ ತಿಳಿದೂ ಮನೆಯ ಡ್ರೈವನ್ನು ಸರ್ವರಿನೊಳಗೆ ಇಟ್ಟಿದ್ದಾಳೆ. ಮೇಲೊಂದು ಸುಳ್ಳು ಸ್ಟಿಕ್ಕರನ್ನೂ ಅಂಟಿಸಿದ್ದಾಳೆ. ಲಾಭಕ್ಕೆ ಮಾಡಿದ್ದಲ್ಲ. ಚಿತ್ರ ನಾಶ ಮಾಡಲು ಎನ್ನುವ ಹಾಗೂ ಇಲ್ಲ. ಬದಲಾಯಿಸುವಾಗ ಎಲ್ಲ ಚಿತ್ರವೂ ಹೊಸದಕ್ಕೆ ಇಳಿದಿತ್ತಲ್ಲ. ಹಾಗಾದರೆ ಅವಳಿಗೆ ಬೇಕಾಗಿದ್ದದ್ದು ಒಂದೇ. ಕ್ರಿಸ್‌ಮಸ್ಸಿನ ದಿನದವರೆಗೆ ಇದ್ದದ್ದು ಇದ್ದ ಹಾಗೆ, ಯಾರ ಕೈಗೂ ಸಿಗದ ಒಂದು ಜಾಗದಲ್ಲಿ.

ಯಾರ ಕೈಗೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

“ಒಳ್ಳೆಯ ಸುದ್ದಿಯೂ ಉಂಟು,” ಎಂದರು ಅವರು. “ನಿಜವಾದ ಡ್ರೈವುಗಳು ಸತ್ತಿಲ್ಲ. ಚಿತ್ರಾಳ ಚಿತ್ರ ಹೋದ ವರ್ಷದ ನವೆಂಬರಿನದ್ದು, ಅದರಲ್ಲಿ ಇರಲೇಬೇಕು. ಡಾಕ್ಟರ್ ಈಗ ಎಲ್ಲಿದ್ದಾರೆ?”

ಹಬ್ಬದ ರಜೆಯಲ್ಲಿ ಮಂಗಳೂರಿನ ತಾಯಿಯ ಮನೆಯಲ್ಲಿ, ಎಂದು ವಲೇರಿಯನ್ ಹೇಳಿದರು. ಮಂಗಳವಾರ ತಾನು ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದೆ, ಬರುವಾಗ ಅವಳು ಹೋಗಿಯಾಗಿತ್ತು, ಸೋಮವಾರ ಬರುತ್ತಾಳೆ. ಗುರುವಾರದಿಂದ ಫೋನಿಗೆ ಸಿಗುತ್ತಿಲ್ಲ, ರಜೆಯಲ್ಲವೇ ಎಂದುಕೊಂಡಿದ್ದೆ. ಹೇಳುತ್ತಲೇ ಅವರು ತಮ್ಮನ ಹೆಂಡತಿಗೆ ಫೋನು ಹಚ್ಚಿದರು. ಕೊಂಕಣಿಯಲ್ಲಿ ನಾಲ್ಕು ಮಾತು ನಡೆಯಿತು. ಫೋನು ಇಟ್ಟವರ ಕೈ ಮೇಜಿನ ಮೇಲೆಯೇ ಉಳಿಯಿತು. ನೀತಾ ಮಂಗಳೂರಿಗೆ ಹೋಗಿರಲಿಲ್ಲ. ಸೆಂಟರಿನಲ್ಲಿ ಕೆಲಸ ಹೆಚ್ಚು, ಹಬ್ಬಕ್ಕೆ ಬರುವುದಿಲ್ಲ ಎಂದು ತಾಯಿಗೆ ಹೇಳಿದ್ದಳು.

ಶಂಕರಿ ಪುಷ್ಪಾವತಿಯನ್ನು ರಸ್ತೆಯಾಚೆಯ ರಿಕ್ಷಾ ಸ್ಟಾಂಡಿಗೆ ಕಳಿಸಿದರು. ಕಾರನ್ನು ಮನೆಯಲ್ಲೇ ಬಿಟ್ಟ ದಿನ ಡಾಕ್ಟರ್ ಹೋಗುವುದು ಹೊನ್ನಯ್ಯನ ರಿಕ್ಷಾದಲ್ಲಿ ಎಂದು ಬೆಳಗ್ಗೆಯೇ ಯಾರೋ ಮಾತಿನ ಮಧ್ಯೆ ಹೇಳಿದ್ದು ಅವರ ಮನ ಬಿಟ್ಟಿರಲಿಲ್ಲ.

ಹೊನ್ನಯ್ಯ ಚಪ್ಪಲಿ ಹೊರಗೆ ಬಿಟ್ಟು ಬಂದ. ಕೋಣೆಯಲ್ಲಿದ್ದ ಮುಖಗಳನ್ನು ನೋಡಿ ಹೆಗಲಿನ ಬೈರಾಸು ವಸ್ತ್ರವನ್ನು ಕೈಗೆ ತೆಗೆದುಕೊಂಡ.

“ಡಾಕ್ಟರಮ್ಮನಾ? ಹೌದು, ಕಾಸರಗೋಡು ಸ್ಟೇಷನ್ನಿಗೆ ಬಿಟ್ಟದ್ದು ನಾನೇ. ಇಲ್ಲೇ ಉಪ್ಪಳದಲ್ಲಿ ರೈಲು ಹತ್ತಬಹುದಲ್ಲ ಅಂದೆ. ಇಲ್ಲಿ ಬೇಡ ಅಂದ್ರು.”

“ಯಾವ ಕಡೆಗೆ?”

“ತಿರುವನಂತಪುರದ ಕಡೆಯ ಪ್ಲಾಟ್‌ಫಾರಮಿಗೆ ಹೋದದ್ದು ಕಂಡೆ.”

“ಸಾಮಾನು ಎಂತ ಇತ್ತು?”

“ಒಂದು ಬ್ಯಾಗು. ಮತ್ತೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ, ಸುತ್ತ ಟೇಪು ಹಾಕಿದ್ದು. ಹಿಂದೆ ಇಡ್ತೇನೆ ಕೊಡಿ ಅಂದ್ರೆ ಕೊಡ್ಲಿಲ್ಲ. ಹೊಂಡ ಬಂದಾಗೆಲ್ಲ ಎಳೆ ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿ ಹಿಡ್ಕೊಂಡಿದ್ರು.”

ಎರಡು ಡ್ರೈವ್ ಇಡಲು ಬಿಸ್ಕತ್ತಿನ ಡಬ್ಬ ಧಾರಾಳ. ಸುಧೀರ್ ಶಂಕರಿಯವರ ಮುಖ ನೋಡಿದ. ಅವರು ನೋಡುತ್ತಿದ್ದದ್ದು ವಲೇರಿಯನ್ನರ ಮುಖವನ್ನು.

“ಮನೆ ಬಿಟ್ಟದ್ದು ಮಂಗಳವಾರವಾದರೂ ರೈಲು ಹತ್ತಿದ್ದು ಗುರುವಾರ, ಅಲ್ವಾ?” ವಲೇರಿಯನ್ನರ ದನಿಯಲ್ಲಿ ಬೇಡಿಕೆಯಂಥದ್ದು ಏನೋ ಇತ್ತು. “ಸರ್ವರ್ ಕೆಟ್ಟದ್ದು ಯಾರೋ ಫೋನು ಮಾಡಿ ಹೇಳಿರಬೇಕು. ಹೆದರಿ ಹೋಗಿದ್ದಾಳೆ. ಚಿಕ್ಕ ಹುಡುಗಿ.”

ಹೊನ್ನಯ್ಯ ಇಲ್ಲವೆಂದು ತಲೆಯಾಡಿಸಿದ.

“ಗುರುವಾರ ನನ್ನ ರಿಕ್ಷಾ ರಸ್ತೆಗೆ ಇಳಿದದ್ದೇ ಸಂಜೆಗೆ ಸರ್ರೇ. ಬುಧವಾರ ಬೆಳಗ್ಗೆ ತೊಳೆದು, ಹೂ ಹಾಕಿ, ಪೂಜೆಗೆ ಇಟ್ಟವ ನಾನು. ಆಮೇಲೆ ಮುಟ್ಟಿದ್ರೆ ಕೇಳಿ. ಡಾಕ್ಟರಮ್ಮ ಬಂದದ್ದು ಅದಕ್ಕೆ ಮೊದಲು. ಇಳಿಯುವಾಗ ಹೇಳಿದ್ರು, ‘ಹೊನ್ನಯ್ಯ, ಬಾಪ್ಪು ಕೇಳಿದರೆ ಮಂಗಳೂರು ಅಂತ ಹೇಳು, ಬೇರೆ ಯಾರು ಕೇಳಿದರೂ ನಿಜ ಹೇಳು’ ಅಂತ.”

ಯಾರ ಕೈಗೆ ಎಂಬುದಕ್ಕೆ ಉತ್ತರ ಸಿಕ್ಕಿದವರಂತೆ ಶಂಕರಿ ಕನ್ನಡಕ ತೆಗೆದು ಮಡಚಿದರು. ಹೊರಗೆ ಐದು ಗಂಟೆಯ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಪೊಲೀಸ್ ಸ್ಟೇಷನ್ನಿಗೆ ಹೋಗಲು ವಲೇರಿಯನ್ ಏಳಲಿಲ್ಲ.

ಪುಷ್ಪಾವತಿಯ ಹೆಬ್ಬೆರಳಿನಡಿ ಸರ್ವರ್ ಸತ್ತದ್ದು ಬುಧವಾರ ಸಂಜೆ. ಡಾಕ್ಟರ್ ನೀತಾ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಊರು ಬಿಟ್ಟದ್ದು ಅದರ ಹಿಂದಿನ ದಿನ, ಚಿತ್ರಾ ಹಳೆಯ ಚಿತ್ರ ಕೇಳಿ ಹೋದ ಮರುದಿನ, ಮಂಗಳವಾರ.